ಕರೆಂಟ್ ಹೋದರೂ ನಿಲ್ಲದ ಹಾಡು: ಬಿ.ವಿ. ಕಾರಂತರ ರಂಗಸಂಗೀತ ಮತ್ತು ನಮ್ಮ ಮಕ್ಕಳು



ಕಳೆದ ವರ್ಷದ ರಾಜ್ಯೋತ್ಸವಕ್ಕೆ ಬಂದಿದ್ದವರಿಗೆ ಆ ಸಂಜೆ ನೆನಪಿರಬೇಕು. ಹನ್ನೆರಡು ಮಕ್ಕಳು ಹಳದಿ ಕೆಂಪು ಬಟ್ಟೆ ತೊಟ್ಟು ಸಿನಿಮಾ ಹಾಡಿಗೆ ಕುಣಿಯುತ್ತಿದ್ದರು. ಹಾಡು ಪೆನ್‌ಡ್ರೈವ್‌ನಿಂದ ಬರುತ್ತಿತ್ತು. ಎರಡನೆಯ ಚರಣದ ನಡುವೆ ಕರೆಂಟ್ ಹೋಯಿತು. ಮಕ್ಕಳು ಎತ್ತಿದ ಕೈ ಎತ್ತಿದಂತೆ ನಿಂತರು. ಒಬ್ಬ ಹುಡುಗ ನಮ್ಮ ಕಡೆ ತಿರುಗಿ, "ಮಾಮಾ, ಪಾಟ್ಟು ನಿಂತೋಯ್ತು" ಅಂದ. ಮುಂದಿನ ಸಾಲನ್ನು ನೀವೇ ಹೇಳಿಕೊಂಡು ಕುಣಿಯಿರಿ ಎಂದರೆ ಒಬ್ಬರಿಗೂ ಬಾರದು. ಒಂದು ತಿಂಗಳು ಆ ಹಾಡಿಗೇ ಅಭ್ಯಾಸ ಮಾಡಿದ್ದ ಮಕ್ಕಳು ಅವರು.

ಜನರೇಟರ್ ಶುರುವಾಗುವಷ್ಟರಲ್ಲಿ ಮುಂದಿನ ಸಾಲಿನಲ್ಲಿದ್ದ ಅಜ್ಜಿಯೊಬ್ಬರು ಕೂತಲ್ಲಿಂದಲೇ ಒಂದು ಕೋಲಾಟದ ಪದ ಎತ್ತಿದರು. ಸಿರುಮುಗೈ ಕಡೆಯ ನೇಕಾರರ ಮನೆಯವರು. ಮಗ್ಗದ ಮುಂದೆ ಕೂತು ಹಾಡುತ್ತಿದ್ದ ಪದವಂತೆ. ಮೂರನೆಯ ಸಲ ಪಲ್ಲವಿ ಬರುವಾಗ ಮಕ್ಕಳೂ ಸೇರಿಕೊಂಡರು, ಹಿಂದಿನ ಸಾಲಿನ ದೊಡ್ಡವರೂ ಚಪ್ಪಾಳೆ ಹಾಕಿದರು. ಕರೆಂಟ್ ಬಂದಾಗ ಅದನ್ನು ಯಾರೂ ಗಮನಿಸಲಿಲ್ಲ ಎಂಬುದೇ ನಮಗೆ ಆ ದಿನದ ದೊಡ್ಡ ಸುದ್ದಿ.

ಮರುವಾರದ ಸಮಿತಿ ಸಭೆಯಲ್ಲಿ ಇನ್ವರ್ಟರ್ ಖರೀದಿಯ ಪ್ರಸ್ತಾಪ ಬಂತು. ಗುಮಾಸ್ತಿಕೆಯಲ್ಲೇ ಕೂದಲು ನರೆತ ನಾವು ಪದ್ಧತಿಯಂತೆ ನಡಾವಳಿ ಪುಸ್ತಕದಲ್ಲಿ 'ಪರಿಶೀಲನೆಯಲ್ಲಿದೆ' ಎಂದು ಬರೆದೆವು. ಆದರೆ ಮನಸ್ಸಿನಲ್ಲಿ ಉಳಿದ ಪ್ರಶ್ನೆ ಬೇರೆ. ಒಂದು ತಿಂಗಳು ಕೇಳಿದ ಹಾಡು ಮಕ್ಕಳ ನಾಲಗೆಗೆ ಹತ್ತಲಿಲ್ಲ, ಮೂರು ನಿಮಿಷ ಕೇಳಿದ ಪದ ಹತ್ತಿತು. ಏಕೆ?

ಈ ಪ್ರಶ್ನೆಯನ್ನು ಜೀವನವಿಡೀ ಕೈಯಲ್ಲಿ ಹಿಡಿದು ನಡೆದ ಒಬ್ಬ ಸಂಗೀತಗಾರರು ಕನ್ನಡದಲ್ಲಿದ್ದರು. ಅವರು ಬಿ.ವಿ. ಕಾರಂತರು. ಈ ಸಂಚಿಕೆಯಲ್ಲಿ ಅವರ ಬಗ್ಗೆ, ಅವರ ರಂಗಸಂಗೀತ ಕೆಲಸ ಮಾಡುವ ಬಗೆಯ ಬಗ್ಗೆ, ಅದರಿಂದ ನಮ್ಮಂಥ ಗಡಿಯೂರಿನ ಸಂಘಗಳು ಪಡೆಯಬಹುದಾದದ್ದರ ಬಗ್ಗೆ ಬರೆಯುತ್ತಿದ್ದೇವೆ.

ಮಂಚಿಯಿಂದ ಗುಬ್ಬಿ ಕಂಪನಿಗೆ

ಬಾಬುಕೋಡಿ ವೆಂಕಟರಮಣ ಕಾರಂತರು ಹುಟ್ಟಿದ್ದು 1929ರ ಸೆಪ್ಟೆಂಬರ್ 19ರಂದು, ದಕ್ಷಿಣ ಕನ್ನಡ ಜಿಲ್ಲೆಯ ಬಂಟ್ವಾಳ ತಾಲೂಕಿನ ಮಂಚಿ ಗ್ರಾಮದಲ್ಲಿ. ಅದು ತುಳು, ಕನ್ನಡ ಎರಡೂ ಓಡಾಡುವ ಸೀಮೆ. ಯಕ್ಷಗಾನದ ಚೆಂಡೆ ಮದ್ದಳೆ ಕೇಳಿಕೊಂಡೇ ಮಕ್ಕಳು ಬೆಳೆಯುವ ಸೀಮೆ. ಮೂರನೆಯ ತರಗತಿಯಲ್ಲಿದ್ದಾಗ ಕುವೆಂಪು ಅವರ 'ನನ್ನ ಗೋಪಾಲ' ನಾಟಕದಲ್ಲಿ ಪಾತ್ರ ಮಾಡಿದರು. ಹಿಡಿದ ಹುಚ್ಚು ಬಿಡಲಿಲ್ಲ. ಹುಡುಗನಾಗಿದ್ದಾಗಲೇ ಮನೆ ಬಿಟ್ಟು ಹೋಗಿ ಗುಬ್ಬಿ ವೀರಣ್ಣನವರ ಕಂಪನಿ ಸೇರಿದರು.

ಗುಬ್ಬಿ ಕಂಪನಿ ಎಂದರೆ ನಮ್ಮ ಹಿರಿಯರಿಗೆ ಹೆಚ್ಚು ಹೇಳಬೇಕಾಗಿಲ್ಲ. 1884ರಲ್ಲಿ ಹುಟ್ಟಿದ ಆ ಕಂಪನಿ ಊರೂರು ತಿರುಗಿ ನಾಟಕವಾಡಿತು. 'ಸದಾರಮೆ'ಯಲ್ಲಿ ಕಳ್ಳನ ಪಾತ್ರ ಮಾಡಿ ಜನರನ್ನು ನಗಿಸಿದವರು ಸ್ವತಃ ವೀರಣ್ಣನವರು. 'ಕುರುಕ್ಷೇತ್ರ'ಕ್ಕೆ ಆನೆ ಕುದುರೆಗಳನ್ನೇ ರಂಗಕ್ಕೆ ತಂದವರು. ಹಾಡಿಗೆ ಹಾರ್ಮೋನಿಯಂ, ತಬಲಾ. ಮಟ್ಟು ಕರ್ನಾಟಕ ಸಂಗೀತದಿಂದಲೂ ಬರಬಹುದು, ಮರಾಠಿ ನಾಟಕದಿಂದಲೂ ಬರಬಹುದು. ಜನ 'ವನ್ಸ್ ಮೋರ್' ಎಂದರೆ ಸತ್ತು ಬಿದ್ದ ಪಾತ್ರವೂ ಎದ್ದು ಇನ್ನೊಮ್ಮೆ ಹಾಡಬೇಕಾಗಿದ್ದ ಕಾಲ ಅದು.

ಇಲ್ಲಿ ನಮ್ಮ ಜಿಲ್ಲೆಯ ಮಾತೊಂದು. ಕಾರಂತರು ಹುಟ್ಟಿದ ವರ್ಷವೇ, 1929ರ ಏಪ್ರಿಲ್ 24ರಂದು, ಹುಟ್ಟಿದ ಇನ್ನೊಬ್ಬ ಹುಡುಗನೂ ಗುಬ್ಬಿ ಕಂಪನಿಯಲ್ಲೇ ಬೆಳೆದ. ಅವನ ಹೆಸರು ಮುತ್ತುರಾಜ. ತಂದೆ ಪುಟ್ಟಸ್ವಾಮಯ್ಯನವರು ಅದೇ ಕಂಪನಿಯ ಹೆಸರಾಂತ ನಟರು. ಮುತ್ತುರಾಜ ಮುಂದೆ ಡಾ. ರಾಜ್‌ಕುಮಾರ್ ಆದರು. ಅವರ ಗಾಜನೂರು ಇರುವುದು ತಾಳವಾಡಿಯಲ್ಲಿ. ಇಂದು ಅದು ಈರೋಡ್ ಜಿಲ್ಲೆ. ಅಂದು ನಮ್ಮ ಕೊಯಮತ್ತೂರು ಜಿಲ್ಲೆಗೇ ಸೇರಿತ್ತು. ಕನ್ನಡದ ಕಂಠಗಳಲ್ಲಿ ಒಂದು ನಮ್ಮ ಜಿಲ್ಲೆಯ ರಿಜಿಸ್ಟರಿನಲ್ಲೇ ದಾಖಲಾಗಿತ್ತು ಎನ್ನುವುದನ್ನು ಮಕ್ಕಳಿಗೆ ಹೇಳಬೇಕು.

ವೀರಣ್ಣನವರು ಕಾರಂತರ ಕಲಿಯುವ ಆಸೆ ಕಂಡು ಅವರನ್ನು ಕಾಶಿಗೆ ಕಳಿಸಿದರು. ಅಲ್ಲಿ ಹಿಂದಿ ಎಂ.ಎ. ಓದಿದರು, ಪಂಡಿತ್ ಓಂಕಾರನಾಥ ಠಾಕೂರರ ಬಳಿ ಹಿಂದೂಸ್ತಾನಿ ಸಂಗೀತ ಕಲಿತರು. ಆಮೇಲೆ ದೆಹಲಿಯ ರಾಷ್ಟ್ರೀಯ ನಾಟಕ ಶಾಲೆ, 1962ರಲ್ಲಿ ಪದವಿ. ಕೆಲವು ಕಾಲ ದೆಹಲಿಯ ಶಾಲೆಯೊಂದರಲ್ಲಿ ಮಕ್ಕಳಿಗೆ ನಾಟಕದ ಮೇಷ್ಟ್ರು. ಹೀಗೆ ಯಕ್ಷಗಾನದ ಚೆಂಡೆ, ಕಂಪನಿ ನಾಟಕದ ಹಾರ್ಮೋನಿಯಂ, ಕಾಶಿಯ ರಾಗ, ದೆಹಲಿಯ ಹೊಸ ರಂಗಭೂಮಿ ಎಲ್ಲವೂ ಒಬ್ಬರೊಳಗೇ ಕೂಡಿದವು.

ಮಾತು ಮೊದಲು, ಮಟ್ಟು ಆಮೇಲೆ

1972ರಲ್ಲಿ ಬೆಂಗಳೂರಿನ ರವೀಂದ್ರ ಕಲಾಕ್ಷೇತ್ರದ ಹಿಂದಿನ ಬಯಲಿನಲ್ಲಿ ಮೂರು ನಾಟಕಗಳು ನಡೆದವು. 'ಈಡಿಪಸ್', 'ಸಂಕ್ರಾಂತಿ' ಮತ್ತು ಚಂದ್ರಶೇಖರ ಕಂಬಾರರ 'ಜೋಕುಮಾರಸ್ವಾಮಿ'. ನಿರ್ದೇಶಕರು ಕಾರಂತರು. ಆ ಮೇಲೆ ಗಿರೀಶ ಕಾರ್ನಾಡರ 'ಹಯವದನ', ಜಡಭರತರ 'ಸತ್ತವರ ನೆರಳು', ಪು.ತಿ.ನ. ಅವರ 'ಗೋಕುಲ ನಿರ್ಗಮನ' ಹೀಗೆ ಒಂದೊಂದಕ್ಕೂ ಅವರ ಸಂಗೀತ ಸೇರಿತು. ಈ ನಾಟಕಗಳನ್ನು ನೋಡಿ ಹೊರಬಂದವರು ಹಾಡು ಗುನುಗುತ್ತಲೇ ಮನೆಗೆ ಹೋಗುತ್ತಿದ್ದರು.

ಗುನುಗುವಂತೆ ಮಾಡಿದ್ದು ಏನು? ಸಂಗೀತ ಶಾಸ್ತ್ರ ಓದಿದವರಲ್ಲ ನಾವು. ಆದರೆ ಕೇಳುತ್ತ ಕೇಳುತ್ತ ನಮಗೆ ತಿಳಿದದ್ದನ್ನು ಸರಳವಾಗಿ ಹೇಳುತ್ತೇವೆ.

ಮೊದಲನೆಯದು, ಮಾತಿನ ನಡೆ. ಒಂದು ಸಾಲನ್ನು ನಾವೇ ಕಟ್ಟಿಕೊಳ್ಳೋಣ: 'ಅಕ್ಕಿ ಇಲ್ಲ, ಎಣ್ಣೆ ಇಲ್ಲ, ಅತ್ತೆ ಬಂದು ಕೂತರು.' ಇದನ್ನು ಸುಮ್ಮನೆ ಹೇಳುತ್ತ ಪ್ರತಿ ಪದಕ್ಕೂ ಒಂದು ಚಪ್ಪಾಳೆ ಹಾಕಿ. 'ಅಕ್ಕಿ' ಎಂಬಲ್ಲಿ ಮೂರು ಮಾತ್ರೆ, 'ಇಲ್ಲ' ಎಂಬಲ್ಲಿ ಮೂರು ಮಾತ್ರೆ, 'ಎಣ್ಣೆ'ಗೂ 'ಅತ್ತೆ'ಗೂ 'ಬಂದು' ಎಂಬುದಕ್ಕೂ ಮೂರೇ. ತಾಳ ಹೊರಗಿನಿಂದ ತರಬೇಕಾಗಿಲ್ಲ, ಮಾತಿನೊಳಗೇ ಇದೆ. ಈಗ ಇದೇ ಸಾಲನ್ನು ಸಿನಿಮಾದ ಒಂದು ಎಳೆದಾಟದ ಮಟ್ಟಿಗೆ ಕೂರಿಸಿ ನೋಡಿ. 'ಅಕ್ಕೀ...' ಎಂದು ನಾಲ್ಕು ಸುತ್ತು ಸುತ್ತುವಷ್ಟರಲ್ಲಿ ಅತ್ತೆ ಬಂದದ್ದು ಯಾರಿಗೂ ತಿಳಿಯುವುದಿಲ್ಲ, ನಗುವೂ ಬರುವುದಿಲ್ಲ. ನಗೆಯ ಹಾಡಿಗೆ ಮಾತು ಕಿವಿಗೆ ಬೀಳಲೇಬೇಕು. ಕಾರಂತರ ರಂಗಗೀತೆಗಳಲ್ಲಿ ಪದ ಮುಕ್ಕಾಗುವುದಿಲ್ಲ. ಆಡುಮಾತು ಸ್ವಲ್ಪ ಮೇಲೆದ್ದು ನಡೆದರೆ ಹಾಡು, ಸ್ವಲ್ಪ ಕೆಳಗಿಳಿದರೆ ಮತ್ತೆ ಮಾತು. ನಟನು ಹಾಡಿನಿಂದ ಮಾತಿಗೆ ಇಳಿದದ್ದು ಗೊತ್ತೇ ಆಗುವುದಿಲ್ಲ.

ಎರಡನೆಯದು, ಮೇಳ. ಕಂಪನಿ ನಾಟಕದಲ್ಲಿ ಒಬ್ಬ ನಟ ಮುಂದೆ ಬಂದು ಹಾಡುತ್ತಿದ್ದ, ಮಿಕ್ಕವರು ಕೇಳುತ್ತಿದ್ದರು. ಕಾರಂತರು ಎಲ್ಲರನ್ನೂ ಹಾಡಿಸಿದರು. ಕಂಠ ಚೆನ್ನಾಗಿಲ್ಲದವನೂ ಮೇಳದಲ್ಲಿ ಸೇರಿದರೆ ಹಾಡುಗಾರನೇ. 'ಸತ್ತವರ ನೆರಳು' ಒಂದು ಮಠದೊಳಗಿನ ಅಧಿಕಾರದಾಸೆಯನ್ನು ಗೇಲಿ ಮಾಡುವ ನಾಟಕ. ಅದರಲ್ಲಿ ಪುರಂದರದಾಸರ ಪದಗಳನ್ನೇ ಮೇಳಕ್ಕೆ ಕೊಟ್ಟರು. ರಂಗದ ಮೇಲೆ ಲೋಭ ನಡೆಯುತ್ತಿರುತ್ತದೆ, ಪಕ್ಕದಲ್ಲಿ ಮೇಳ ವೈರಾಗ್ಯದ ಪದ ಹಾಡುತ್ತಿರುತ್ತದೆ. ಯಾರೂ ಭಾಷಣ ಮಾಡಬೇಕಾಗಿಲ್ಲ. ಎರಡನ್ನೂ ಒಟ್ಟಿಗೆ ಕಂಡವರಿಗೆ ನಗುವೂ ಬರುತ್ತದೆ, ಕುಟುಕಿದ್ದೂ ತಿಳಿಯುತ್ತದೆ.

ಮೂರನೆಯದು, ಕೈಗೆ ಸಿಕ್ಕಿದ್ದೇ ವಾದ್ಯ. ಕಲ್ಲು, ಬಿದಿರು, ತಗಡು, ಪಾತ್ರೆ, ಶಂಖ, ಬರೀ ಬಾಯಿಯ ಸದ್ದು ಎಲ್ಲವೂ ಅವರಿಗೆ ಸಂಗೀತವಾಗಿತ್ತು. ದೊಡ್ಡ ವಾದ್ಯಗೋಷ್ಠಿ ಬೇಕೆಂದು ಅವರು ಕಾಯಲಿಲ್ಲ. ಎಲ್ಲಿ ಸದ್ದು ನಿಲ್ಲಿಸಬೇಕು ಎಂಬುದೂ ಅವರಿಗೆ ಗೊತ್ತಿತ್ತು. ಎಲ್ಲರೂ ಒಟ್ಟಿಗೆ ಸುಮ್ಮನಾದಾಗ ಆ ಮೌನವೂ ನಾಟಕದ ಮಾತಾಗುತ್ತಿತ್ತು.

ಸಿನಿಮಾಕ್ಕೂ ಈ ಕಿವಿಯನ್ನೇ ಒಯ್ದರು. 'ಋಷ್ಯಶೃಂಗ' ಮತ್ತು 'ಘಟಶ್ರಾದ್ಧ' ಚಿತ್ರಗಳ ಸಂಗೀತಕ್ಕೆ ಅವರಿಗೆ ರಾಷ್ಟ್ರಪ್ರಶಸ್ತಿ ಬಂತು. ಅವರು ನಿರ್ದೇಶಿಸಿದ 'ಚೋಮನ ದುಡಿ' 1975ರ ಸ್ವರ್ಣಕಮಲ ಪಡೆಯಿತು. ಅದರಲ್ಲಿ ದುಡಿಯ ಸದ್ದೇ ಒಂದು ಪಾತ್ರ ಎಂದರೂ ತಪ್ಪಲ್ಲ.

ತಮಿಳು ಮನೆಯ ಕೈಲಾಸಂ, ಇಂಗ್ಲಿಷ್ ಮಟ್ಟು, ಕನ್ನಡ ನಗು

ಮಾತನ್ನು ಮಟ್ಟಿಗೆ ಕೂರಿಸಿ ನಗಿಸುವ ಕೆಲಸ ಕಾರಂತರಿಗಿಂತ ಹಿಂದೆಯೂ ನಡೆದಿತ್ತು. ಈ ಕೆಲಸ ಮಾಡಿದವರಲ್ಲಿ ನಮಗೆ ಹತ್ತಿರದವರು ಟಿ.ಪಿ. ಕೈಲಾಸಂ. ಹತ್ತಿರದವರು ಎಂದದ್ದಕ್ಕೆ ಕಾರಣವಿದೆ. ಅವರ ಮನೆಮಾತು ತಮಿಳು. ಓದಿದ್ದು ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ. ನಗಿಸಿದ್ದು ಕನ್ನಡದಲ್ಲಿ. ನಮ್ಮ ಮಕ್ಕಳ ಮನೆಯೊಳಗೆ ಕನ್ನಡ, ಬೀದಿಯಲ್ಲಿ ತಮಿಳು. ಅವರದು ಅದರ ತಿರುಗುಮುರುಗು. ಎರಡು ಭಾಷೆಯ ನಡುವೆ ಇರುವವನಿಗೆ ಎರಡರಲ್ಲೂ ಅರ್ಧಂಬರ್ಧ ಬರುತ್ತದೆ ಎಂದು ಹೇಳುವವರಿಗೆ ಕೈಲಾಸಂ ಒಂದು ಉತ್ತರ.

ಭೂಗರ್ಭಶಾಸ್ತ್ರ ಓದಲು ಲಂಡನ್ನಿಗೆ ಹೋದ ಅವರು ಅಲ್ಲಿನ ನಾಟಕಗಳನ್ನೂ ಹಾಸ್ಯದ ಹಾಡುಗಳನ್ನೂ ಹಚ್ಚಿಕೊಂಡರು. ಮರಳಿ ಬಂದು 'ಟೊಳ್ಳುಗಟ್ಟಿ', 'ಬಂಡ್ವಾಳ್ವಿಲ್ಲದ ಬಡಾಯಿ'ಯಂಥ ನಾಟಕಗಳನ್ನು ಕೊಟ್ಟರು. ಬೆಂಗಳೂರು, ಮೈಸೂರಿನ ಮನೆಗಳಲ್ಲಿ ಜನ ಆಡುತ್ತಿದ್ದ ಇಂಗ್ಲಿಷ್ ಬೆರೆತ ಕನ್ನಡವನ್ನೇ ರಂಗಕ್ಕೆ ತಂದರು. ಮೊದಲನೆಯ ಮಹಾಯುದ್ಧದ ಇಂಗ್ಲಿಷ್ ಸಿಪಾಯಿಗಳ ಬಾಯಲ್ಲಿದ್ದ 'ಟಿಪ್ಪರರಿ' ಹಾಡಿನ ಜಾಡಿನಲ್ಲಿ ಕನ್ನಡದ ತಿಪ್ಪಾರಹಳ್ಳಿಯ ಹಾಡು ಹುಟ್ಟಿತು. ಊರಿನ ಹೆಸರಿನ ಕಾಗುಣಿತ ಬಿಡಿಸುತ್ತ ಹೋಗುವ ಇನ್ನೊಂದು ಇಂಗ್ಲಿಷ್ ಹಾಡಿನ ಜಾಡಿನಲ್ಲಿ 'ಕೋಳೀಕೆ ರಂಗ' ಬಂದ. ಅನುವಾದವಲ್ಲ ಅದು. ಮಟ್ಟು ಅವರದು, ಊರು ನಮ್ಮದು, ರಂಗನೂ ನಮ್ಮವನೇ. ಕನ್ನಡ ಅಕ್ಷರವನ್ನೇ ಆಟದ ಸಾಮಾನು ಮಾಡಿದ ಹಾಡು ಅದು. ಕೈಲಾಸಂ 1946ರಲ್ಲಿ ತೀರಿಕೊಂಡರು. ರಂಗ ಇನ್ನೂ ತೀರಿಲ್ಲ.

ಇಂಗ್ಲೆಂಡಿನ ಸಂಘಗಳು ಉಳಿಸಿದ ಹಾಡು

ಕೈಲಾಸಂ ಹೋದ ಆ ಇಂಗ್ಲೆಂಡಿನ ಹಾಸ್ಯರಂಗದ ದೊಡ್ಡ ಹೆಸರು ಆರ್ಥರ್ ಸಲಿವನ್. 1842ರಲ್ಲಿ ಲಂಡನ್ನಿನಲ್ಲಿ ಹುಟ್ಟಿದವರು, 1900ರಲ್ಲಿ ತೀರಿಕೊಂಡವರು. ಕವಿ ಡಬ್ಲ್ಯೂ.ಎಸ್. ಗಿಲ್ಬರ್ಟ್ ಮಾತು ಬರೆಯುವುದು, ಸಲಿವನ್ ಸಂಗೀತ ಹಾಕುವುದು. ಇಬ್ಬರೂ ಸೇರಿ 14 ಗೀತನಾಟಕಗಳನ್ನು ಮಾಡಿದರು. 1878ರ 'ಎಚ್.ಎಂ.ಎಸ್. ಪಿನಾಫೋರ್'ನಲ್ಲಿ ನೌಕಾದಳದ ದೊಡ್ಡ ಅಧಿಕಾರಿಗಳ ಗೇಲಿ. 1885ರ 'ಮಿಕಾಡೊ'ದಲ್ಲಿ ಜಪಾನಿನ ಹೆಸರು ಹೇಳಿ ಇಂಗ್ಲೆಂಡಿನ ಸರ್ಕಾರಿ ಪದ್ಧತಿಯದೇ ಗೇಲಿ. ನಮ್ಮಂಥ ಗುಮಾಸ್ತರು ನೋಡಿದರೆ ಹೊಟ್ಟೆ ಹುಣ್ಣಾಗುವಂತೆ ನಗಬಹುದು. ಇವರ ನಾಟಕಗಳಿಗಾಗಿಯೇ 1881ರಲ್ಲಿ ಲಂಡನ್ನಿನಲ್ಲಿ ಸವಾಯ್ ಎಂಬ ರಂಗಮಂದಿರ ಎದ್ದಿತು. ಪೂರ್ತಿ ವಿದ್ಯುದ್ದೀಪದಿಂದ ಬೆಳಗಿದ ಮೊದಲ ರಂಗಮಂದಿರ ಅದು ಎನ್ನುತ್ತಾರೆ. ಕರೆಂಟಿನ ಮಾತು ಅಲ್ಲೂ ಬಂತು ನೋಡಿ!

ಸಲಿವನ್ ಕೆಲಸ ಮಾಡುತ್ತಿದ್ದ ರೀತಿ ನಮಗೆ ಮುಖ್ಯ. ಗಿಲ್ಬರ್ಟರ ಪದ್ಯ ಕೈಗೆ ಬಂದ ಮೇಲೆ ಅವರು ರಾಗ ಹುಡುಕುತ್ತಿರಲಿಲ್ಲ. ಮೊದಲು ಆ ಮಾತಿಗೆ ಒಪ್ಪುವ ಲಯವನ್ನು ನಾಲ್ಕಾರು ಬಗೆಯಲ್ಲಿ ಬರೆದು ನೋಡಿ, ಒಂದನ್ನು ಆರಿಸಿಕೊಂಡ ಮೇಲೆಯೇ ರಾಗ. ಒಂದೇ ಉಸಿರಿನಲ್ಲಿ ನೂರು ಪದ ಉದುರಿಸುವ ವೇಗದ ಹಾಸ್ಯಗೀತೆಗಳಲ್ಲೂ ಒಂದೊಂದು ಪದ ಬಿಡಿಯಾಗಿ ಕೇಳುವುದು ಈ ಕಾರಣದಿಂದ. ನಮ್ಮ 'ಅತ್ತೆ ಬಂದು ಕೂತರು' ಸಾಲಿನ ಲೆಕ್ಕವೂ ಇದೇ.

ಸಲಿವನ್ ದೊಡ್ಡ ವಿದ್ವಾಂಸ, ನಗೆನಾಟಕಕ್ಕೆ ಕಾಲ ಹಾಳುಮಾಡಿದ ಎಂದು ಅವರ ಕಾಲದ ಪಂಡಿತರು ಕೊರಗಿದ್ದುಂಟು. ಅವರು 1891ರಲ್ಲಿ 'ಐವನ್ಹೋ' ಎಂಬ ಗಂಭೀರ ಗೀತನಾಟಕವನ್ನೂ ಮಾಡಿದರು. ಇಂದು ಅದನ್ನು ಆಡುವವರು ಅಪರೂಪ. ನಗೆನಾಟಕಗಳು ಮಾತ್ರ ನಿಂತಿವೆ.

ನಿಲ್ಲಿಸಿದವರು ಯಾರು? ಅವರ ನಾಟಕಗಳ ಹಕ್ಕು ಹೊಂದಿದ್ದ ಡಾಯ್ಲಿ ಕಾರ್ಟ್ ಕಂಪನಿ ನೂರು ವರ್ಷ ತಿರುಗಿ ತಿರುಗಿ 1982ರಲ್ಲಿ ಬಾಗಿಲು ಹಾಕಿತು. ಹಾಡು ನಿಲ್ಲಲಿಲ್ಲ. ಏಕೆಂದರೆ ಅಷ್ಟು ಹೊತ್ತಿಗೆ ಸಣ್ಣ ಸಣ್ಣ ಪಟ್ಟಣಗಳ ಹವ್ಯಾಸಿ ಸಂಘಗಳೂ ಶಾಲೆಗಳೂ ಅದನ್ನು ತಮ್ಮದು ಮಾಡಿಕೊಂಡಿದ್ದವು. ಹಗಲು ಅಂಗಡಿ, ಕಚೇರಿ ಕೆಲಸ ಮಾಡಿ ಸಂಜೆ ಸಂಘದ ಕೋಣೆಯಲ್ಲಿ ಸೇರಿ ಹಾಡು ಕಲಿಯುವ ಜನ ಅವರು. ನಮ್ಮಂಥವರೇ. ಒಬ್ಬ ದೊಡ್ಡ ಸಂಗೀತಗಾರನ ಆಸ್ತಿಯನ್ನು ಕಾಯ್ದದ್ದು ದೊಡ್ಡ ಸಂಸ್ಥೆಯಷ್ಟೇ ಅಲ್ಲ, ಭಾನುವಾರ ಸೇರುವ ಸಣ್ಣ ಸಂಘ ಕೂಡ. ಈ ಲೇಖನದಲ್ಲಿ ನಾವು ಹೇಳಬೇಕೆಂದಿರುವ ಮುಖ್ಯ ಮಾತು ಇದು.

ಆಡುಮಾತಿಗೂ ರಂಗ ಉಂಟು

ಕಾರಂತರ ವಿಷಯದಲ್ಲೂ ಹೀಗೆಯೇ ಆಗಿದೆ. ಅವರು ಎಲ್ಲೂ ಬಹಳ ದಿನ ನಿಂತವರಲ್ಲ. 1977ರಿಂದ 1981ರವರೆಗೆ ರಾಷ್ಟ್ರೀಯ ನಾಟಕ ಶಾಲೆಯ ನಿರ್ದೇಶಕರು. 1979ರಲ್ಲಿ ಶೇಕ್ಸ್‌ಪಿಯರನ 'ಮ್ಯಾಕ್‌ಬೆತ್' ನಾಟಕವನ್ನು ಹಿಂದಿಯಲ್ಲಿ, ಯಕ್ಷಗಾನದ ಹೆಜ್ಜೆಯಲ್ಲಿ 'ಬರ್ನಂ ವನ' ಎಂದು ಆಡಿಸಿದರು. ಆಮೇಲೆ 1986ರವರೆಗೆ ಭೋಪಾಲದ ಭಾರತ ಭವನದ ರಂಗಮಂಡಲ. 1989ರಲ್ಲಿ ಮೈಸೂರಿನಲ್ಲಿ ರಂಗಾಯಣ ಶುರುವಾದಾಗ ಅದರ ಮೊದಲ ನಿರ್ದೇಶಕರು. 2002ರ ಸೆಪ್ಟೆಂಬರ್ 1ರಂದು ಬೆಂಗಳೂರಿನಲ್ಲಿ ತೀರಿಕೊಂಡರು. ಲೇಖಕಿ ವೈದೇಹಿಯವರು ಅವರ ಬಾಯಿಂದ ಕೇಳಿ ಬರೆದ ಆತ್ಮಕಥೆಯ ಹೆಸರು 'ಇಲ್ಲಿರಲಾರೆ ಅಲ್ಲಿಗೆ ಹೋಗಲಾರೆ'. ಗಡಿಯೂರಿನ ಕನ್ನಡಿಗರಿಗೆ ಆ ಹೆಸರನ್ನು ಬಿಡಿಸಿ ಹೇಳಬೇಕಾಗಿಲ್ಲ.

ಭೋಪಾಲದಲ್ಲಿ ಅವರು ಮಾಡಿದ ಒಂದು ಕೆಲಸವನ್ನು ಇಲ್ಲಿ ಎತ್ತಿ ಹೇಳಬೇಕು. ಪುಸ್ತಕದ ಹಿಂದಿ ಒಂದನ್ನೇ ಹಿಡಿದು ಕೂರದೆ, ಅಲ್ಲಿನ ಜನರ ಬಾಯಲ್ಲಿದ್ದ ಬುಂದೇಲಿ, ಮಾಳವಿ, ಛತ್ತೀಸ್‌ಗಢಿ ಮಾತುಗಳಲ್ಲೂ ನಾಟಕ ಆಡಿಸಿದರು. ನಟರ ಮನೆಮಾತಿನಲ್ಲೇ ಹಾಡಿನ ನಡೆ ಇದೆ ಎಂದು ಬಲ್ಲವರು ಹಾಗೆ ಮಾಡುತ್ತಾರೆ.

ನಮ್ಮ ಕಥೆ ಏನು? ಸಿರುಮುಗೈ, ಮೇಟ್ಟುಪಾಳಯಂ, ಪೊಳ್ಳಾಚಿ, ಉಡುಮಲೈ, ಪಲ್ಲಡಂ, ಅವಿನಾಶಿ ಸುತ್ತ ತಲೆಮಾರುಗಳಿಂದ ದೇವಾಂಗರ, ಒಕ್ಕಲಿಗರ, ಇನ್ನೂ ಹಲವರ ಮನೆಗಳಲ್ಲಿ ಕನ್ನಡ ಆಡುತ್ತಾರೆ. ಬರೆಯಲು ಬಾರದು, ಓದಲು ಬಾರದು, ಆದರೆ ಆಡುತ್ತಾರೆ. ಆ ಕನ್ನಡದಲ್ಲಿ ತಮಿಳು ಬೆರೆತಿದೆ, ಬೆಂಗಳೂರಿನಲ್ಲಿ ಯಾರೂ ಬಳಸದ ಹಳೆಯ ಪದಗಳೂ ಇವೆ. ನಮ್ಮ ಕಾರ್ಯಕ್ರಮಗಳಲ್ಲಿ ಒಂದು ತಪ್ಪು ನಡೆದುಬಂದಿದೆ, ಅದನ್ನು ಮಾಡಿದವರಲ್ಲಿ ನಾವೂ ಇದ್ದೇವೆ. ವೇದಿಕೆ ಹತ್ತುವ ಮಗುವಿಗೆ, "ಹಾಗಲ್ಲಪ್ಪಾ, ಸರಿಯಾದ ಕನ್ನಡ ಹೇಳು" ಎನ್ನುತ್ತೇವೆ. ತಮಿಳು ಅಕ್ಷರದಲ್ಲಿ ಬರೆದುಕೊಟ್ಟ ಗ್ರಾಂಥಿಕ ಕನ್ನಡದ ಭಾಷಣವನ್ನು ಅದು ಒಪ್ಪಿಸುತ್ತದೆ, ಇಳಿಯುತ್ತದೆ, ಮರೆಯುತ್ತದೆ. ಮನೆಯಲ್ಲಿ ಅಜ್ಜಿಯ ಜೊತೆ ಆಡುವ ಮಾತು ಕನ್ನಡವೇ ಅಲ್ಲವೇನೋ ಎಂಬ ಅಳುಕು ಮಾತ್ರ ಉಳಿಯುತ್ತದೆ. ಮುಂದೆ ಆ ಮಗು ತನ್ನ ಮಕ್ಕಳ ಜೊತೆ ಯಾವ ಭಾಷೆ ಆಡೀತು? ಕಳೆದ ಹತ್ತು ವರ್ಷದ ನಮ್ಮ ಸದಸ್ಯತ್ವ ಅರ್ಜಿಗಳನ್ನು ತಿರುವಿ ಹಾಕಿದಾಗ ಈ ಪ್ರಶ್ನೆ ನಮ್ಮನ್ನು ಕಾಡುತ್ತದೆ. 'ಮನೆಯಲ್ಲಿ ಆಡುವ ಭಾಷೆ' ಎಂಬ ಕಾಲಮಿನಲ್ಲಿ ಅಪ್ಪ ಕನ್ನಡ ಎಂದು ಬರೆದಿದ್ದರೆ, ಮಗ 'ಕನ್ನಡ, ತಮಿಳು' ಎಂದು ಬರೆದಿದ್ದಾನೆ. ಮೊಮ್ಮಗನ ಅರ್ಜಿ ಇನ್ನೂ ಬಂದಿಲ್ಲ.

ರವೀಂದ್ರನಾಥ ಟ್ಯಾಗೋರರು ಒಂದು ಗಿಳಿಯ ಕಥೆ ಬರೆದಿದ್ದಾರೆ. ಗಿಳಿಗೆ ವಿದ್ಯೆ ಕಲಿಸಬೇಕೆಂದು ರಾಜನ ಅಪ್ಪಣೆಯಾಗುತ್ತದೆ. ಚಿನ್ನದ ಪಂಜರ ಬರುತ್ತದೆ, ಪಂಡಿತರು ಬರುತ್ತಾರೆ, ಗ್ರಂಥಗಳ ರಾಶಿ ಬೀಳುತ್ತದೆ, ಎಲ್ಲರಿಗೂ ಸಂಬಳ ಆಗುತ್ತದೆ. ಗಿಳಿಯ ಬಾಯಿಗೆ ಹಾಳೆ ತುರುಕಿ ತುರುಕಿ ಕೊನೆಗೆ ಗಿಳಿಯೇ ಉಳಿಯುವುದಿಲ್ಲ. ಕಾರಂತರು ಇದನ್ನು ಆಧರಿಸಿ ಮಕ್ಕಳಿಗಾಗಿ ಮಾಡಿದ ನಾಟಕ 'ಪಂಜರ ಶಾಲೆ'. ಕರ್ನಾಟಕದ ಶಾಲೆ, ಶಿಬಿರಗಳಲ್ಲಿ ಮಕ್ಕಳು ಇಂದಿಗೂ ಅದನ್ನು ಆಡುತ್ತಾರೆ. ನಗುತ್ತ ನೋಡುವ ನಾಟಕ, ಮನೆಗೆ ಹೋದ ಮೇಲೆ ಚುಚ್ಚುವ ನಾಟಕ. ನಮ್ಮ ರಾಜ್ಯೋತ್ಸವವೂ ಚಿನ್ನದ ಪಂಜರವಾಗಬಾರದು.

ಕಾರಂತರ ಹಾಡುಗಳು ಉಳಿದಿರುವುದು ಧ್ವನಿಮುದ್ರಣದಿಂದ ಮಾತ್ರ ಅಲ್ಲ. ಅವರು ಕಟ್ಟಿದ 'ಬೆನಕ' ತಂಡ ಅವರ ನಾಟಕಗಳನ್ನು ದಶಕಗಳ ಕಾಲ ಮತ್ತೆ ಮತ್ತೆ ಆಡಿತು. ರಂಗಾಯಣದಲ್ಲಿ ಅವರಿಂದ ಕಲಿತವರು ಇನ್ನೊಬ್ಬರಿಗೆ ಕಲಿಸಿದರು. 1949ರಲ್ಲಿ ಹೆಗ್ಗೋಡು ಎಂಬ ಹಳ್ಳಿಯಲ್ಲಿ ಹುಟ್ಟಿದ ನೀನಾಸಂ ಕೂಡ ಮೊದಲಿಗೆ ನಮ್ಮಂಥದೇ ಒಂದು ಸಂಘ. ಇಂದು ಅಲ್ಲಿ ಕಲಿತವರು ಊರೂರಿನಲ್ಲಿ ರಂಗಗೀತೆ ಹಾಡಿಸುತ್ತಿದ್ದಾರೆ. ಹಾಡು ಬಾಯಿಂದ ಬಾಯಿಗೆ ನಡೆದು ಬಂದಿದೆ. ಓದು ಬರಹ ಬಾರದಿದ್ದರೂ ಅದು ಬರುತ್ತದೆ. ಕನ್ನಡ ಶಾಲೆ ಇಲ್ಲದ ನಮ್ಮ ಊರುಗಳಿಗೆ ಇದಕ್ಕಿಂತ ಒಳ್ಳೆಯ ಪಾಠಪುಸ್ತಕ ಎಲ್ಲಿದೆ?

ಈ ವರ್ಷ ನಾವು ಮಾಡಲಿರುವುದು

ಈ ಸಲದ ರಾಜ್ಯೋತ್ಸವಕ್ಕೆ ಸಮಿತಿ ಒಪ್ಪಿರುವ ಕಾರ್ಯಕ್ರಮ ಇದು. ಮಕ್ಕಳು 20 ನಿಮಿಷದ ಒಂದು ಹಾಡುನಾಟಕ ಆಡುತ್ತಾರೆ. ಪೆನ್‌ಡ್ರೈವ್ ಇರುವುದಿಲ್ಲ.

ಕಾರಂತರ ನಾಟಕವನ್ನೇ ಆಡಬಹುದಲ್ಲ ಎಂದು ಕೆಲವರು ಕೇಳಿದರು. ಮುಂದೆ ಆಡೋಣ. ಅದಕ್ಕೆ ಹಕ್ಕುದಾರರ ಅನುಮತಿ ಪಡೆಯಬೇಕು, ಅದು ನ್ಯಾಯ. ಮೊದಲ ವರ್ಷ ಅವರ ಹಾಡನ್ನು ತೆಗೆದುಕೊಳ್ಳುವ ಬದಲು ಅವರ ದಾರಿಯನ್ನು ತೆಗೆದುಕೊಳ್ಳುತ್ತೇವೆ.

ಒಂದು. ಪ್ರತಿ ಮನೆಯಿಂದ ಒಂದು ಪದ. ಅಜ್ಜಿ, ತಾತ, ಅತ್ತೆ, ಯಾರಿಗೆ ಬಂದರೂ ಸರಿ. ಜೋಗುಳ, ಸೋಬಾನೆ, ಕೋಲಾಟ, ಬೈಗುಳದ ಪದ, ಏನಾದರೂ ಆಗಬಹುದು. ಮಕ್ಕಳೇ ಕೂತು ಕೇಳಿ ಕಲಿತು ಬರಬೇಕು. ಮೊಬೈಲಿನಲ್ಲಿ ಹಿಡಿದು ಕಳಿಸಿದರೆ ಸಾಲದು.

ಎರಡು. ಮನೆಯಲ್ಲಿ ಆಡುವ ಕನ್ನಡದಲ್ಲೇ ಮಾತು. ಅಭ್ಯಾಸದ ಕೋಣೆಯಲ್ಲಿ ಯಾರೂ ಮಕ್ಕಳ ಮಾತನ್ನು ತಿದ್ದಬಾರದು. ಈ ನಿಯಮ ಕಾರ್ಯದರ್ಶಿಗೂ ಅನ್ವಯಿಸುತ್ತದೆ.

ಮೂರು. ವಾದ್ಯಕ್ಕೆ ತಟ್ಟೆ, ಲೋಟ, ತೆಂಗಿನ ಚಿಪ್ಪು, ಖಾಲಿ ಡಬ್ಬ. ಮಗ್ಗ ಇರುವ ಮನೆಯವರು ಹಳೆಯ ಲಾಳಿ ಒಂದಿದ್ದರೆ ತನ್ನಿ. ಲಾಳಿ ಅತ್ತಿಂದಿತ್ತ ಓಡುವ ಸದ್ದೇ ನಮ್ಮ ಆದಿತಾಳ. ತಿರುಪ್ಪೂರಿನ ಮಕ್ಕಳು ಬನಿಯನ್ ಕಾರ್ಖಾನೆಯ ಹೊಲಿಗೆ ಯಂತ್ರದ ಸದ್ದನ್ನು ಬಾಯಲ್ಲೇ ಮಾಡುತ್ತಾರಂತೆ, ಅದೂ ಬರಲಿ. ಚೌಡೇಶ್ವರಿ ಅಮ್ಮನ ಹಬ್ಬದಲ್ಲಿ ಅಲಗು ಹಿಡಿದು ನಡೆಯುವ ಹುಡುಗರ ಕೂಗಿಗೂ ಒಂದು ತಾಳವಿದೆ. ಕಿವಿ ಕೊಟ್ಟರೆ ನಮ್ಮ ಊರಲ್ಲೇ ಬೇಕಾದಷ್ಟಿದೆ.

ನಾಲ್ಕು. ಕಂಠ ಚೆನ್ನಾಗಿಲ್ಲ ಎಂದು ಯಾವ ಮಗುವನ್ನೂ ಬಿಡುವುದಿಲ್ಲ. ಎಲ್ಲರೂ ಮೇಳ.

ಅಭ್ಯಾಸ ಪ್ರತಿ ಭಾನುವಾರ ಮಧ್ಯಾಹ್ನ ನಮ್ಮ ಮಾಮೂಲಿ ಜಾಗದಲ್ಲಿ. ಮಕ್ಕಳಿಗೆ ಬಸ್ಸಿನ ಖರ್ಚನ್ನು ಸಂಘ ಕೊಡುತ್ತದೆ, ರಸೀದಿ ಕೇಳುವುದಿಲ್ಲ. ಹೊಸೂರು, ತಾಳವಾಡಿ, ಗೂಡಲೂರು ಮತ್ತಿತರ ಗಡಿಯೂರುಗಳ ಬಾಂಧವರು ನಿಮ್ಮ ನಿಮ್ಮ ಊರಿನಲ್ಲೂ ಹೀಗೆ ಮಾಡುವುದಾದರೆ ನಮಗೆ ಬರೆಯಿರಿ. ಪದಗಳನ್ನು ಬದಲಾಯಿಸಿಕೊಳ್ಳೋಣ.

ಕಳೆದ ವರ್ಷ ಪದ ಎತ್ತಿದ ಅಜ್ಜಿಯವರನ್ನು ಈ ಸಲ ಕಲಿಸಲು ಬರಬೇಕೆಂದು ಕೇಳಲು ನಾವೇ ಮನೆಗೆ ಹೋಗಿದ್ದೆವು. "ನಂಗೇನಪ್ಪಾ ಬತ್ತದೆ, ನಾನೇನು ಓದಿದೀನಾ?" ಅಂದರು. ಕಾಫಿ ತಂದುಕೊಡುವಷ್ಟರಲ್ಲಿ ಎರಡು ಪದ ಹೇಳಿ ಮುಗಿಸಿದ್ದರು. ಒಟ್ಟು ಎಷ್ಟು ಬರುತ್ತದೆ ಎಂದು ಕೇಳಿದರೆ ಲೆಕ್ಕ ಇಟ್ಟಿಲ್ಲವಂತೆ. ಅವರಿಗೀಗ ವಯಸ್ಸು ಎಂಬತ್ತು ದಾಟಿದೆ. ಆ ಲೆಕ್ಕ ಬರೆದಿಡುವ ಕೆಲಸಕ್ಕೆ ಈ ಹಳೆಯ ಗುಮಾಸ್ತನಿಗಿಂತ ಮಕ್ಕಳ ನಾಲಗೆಯೇ ಒಳ್ಳೆಯ ಕಡತ.

ದಯವಿಟ್ಟು ಮಕ್ಕಳನ್ನು ಕಳಿಸಿಕೊಡಿ. ನೀವೂ ಬನ್ನಿ.

ಇನ್ವರ್ಟರ್ ಖರೀದಿ ಇನ್ನೂ ಪರಿಶೀಲನೆಯಲ್ಲಿದೆ.

ಇತಿ ತಮ್ಮ ವಿಶ್ವಾಸಿ,
ಕಾರ್ಯದರ್ಶಿ